‘ಬೈಸ್ಟ್ಯಾಂಡರ್’ ಪದವನ್ನು ಕನ್ನಡಕ್ಕೆ ತರುವುದು ಹೇಗೆ?

ಸುದ್ದಿಮನೆಯಲ್ಲಿ ಅನುವಾದ ತಿದ್ದುವ ಕೆಲಸದಲ್ಲಿದ್ದಾಗ ಒಮ್ಮೆ ನನ್ನ ಮೇಜಿಗೆ ಬಂದ ವಾಕ್ಯವಿದು: ‘ಲಾರಿ ಡಿಕ್ಕಿಯಾಗಿ ಬಿದ್ದಿದ್ದ ಬೈಕ್ ಸವಾರನನ್ನು ಪ್ರೇಕ್ಷಕರು ಆಸ್ಪತ್ರೆಗೆ ಸೇರಿಸಿದರು.’ ಟಿಕೆಟ್ ಕೊಂಡು ಅಪಘಾತ ನೋಡಲು ಕುಳಿತವರು ಅಲ್ಲಿ ಯಾರೂ ಇರಲಿಲ್ಲ. ಇಂಗ್ಲಿಷ್ ಪ್ರತಿಯಲ್ಲಿದ್ದ ‘ಬೈಸ್ಟ್ಯಾಂಡರ್ಸ್’ ಎಂಬ ಪದ ಅವರನ್ನು ಪ್ರೇಕ್ಷಕರನ್ನಾಗಿ ಮಾಡಿತ್ತು. ಇದೇ ತಪ್ಪನ್ನು ಮತ್ತೆ ಮತ್ತೆ ತಿದ್ದಿ ಬೇಸತ್ತು, ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹಂತದಲ್ಲಿ ಪದವನ್ನು ಒಡೆದು ನೋಡಬೇಕು. ‘ಬೈ’ ಎಂದರೆ ಪಕ್ಕ, ‘ಸ್ಟ್ಯಾಂಡರ್’ ಎಂದರೆ ನಿಂತವನು. ‘ಸ್ಪೆಕ್ಟೇಟರ್’ ಎಂಬುದು ‘ನೋಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಕನ್ನಡಕಕ್ಕೆ ಹೇಳುವ ‘ಸ್ಪೆಕ್ಟಕಲ್ಸ್’ ಕೂಡ ಅದೇ ಮೂಲದ್ದು. ‘ಆಡಿಯೆನ್ಸ್’ ಹುಟ್ಟಿದ್ದು ‘ಕೇಳು’ ಎಂಬರ್ಥದ ಧಾತುವಿನಿಂದ. ಬೈಸ್ಟ್ಯಾಂಡರ್‌ನಲ್ಲಿ ನೋಡುವುದೂ ಇಲ್ಲ, ಕೇಳುವುದೂ ಇಲ್ಲ. ಪಕ್ಕದಲ್ಲಿ ಇರುವುದಷ್ಟೇ ಇದೆ.

ಎರಡನೆಯದೇ ಕಷ್ಟದ ಹಂತ, ಎಡವುವವರೆಲ್ಲ ಇಲ್ಲಿಯೇ ಎಡವುತ್ತಾರೆ. ವಾಕ್ಯದಲ್ಲಿರುವ ವ್ಯಕ್ತಿಯ ಬಗ್ಗೆ ಮೂರು ಪ್ರಶ್ನೆ ಹಾಕಿಕೊಳ್ಳಿ. ಆತ ನೋಡುವುದಕ್ಕೆಂದೇ ಬಂದವನೇ? ಹೌದಾದರೆ ಯಕ್ಷಗಾನದ ಬಯಲಿನಲ್ಲಾಗಲಿ ಕ್ರಿಕೆಟ್ ಮೈದಾನದಲ್ಲಾಗಲಿ ಆತ ಪ್ರೇಕ್ಷಕ, ಮತ್ತು ಇಂಗ್ಲಿಷಿನಲ್ಲೂ ಆತನನ್ನು ಬೈಸ್ಟ್ಯಾಂಡರ್ ಎನ್ನುವುದಿಲ್ಲ. ಆ ದಾರಿಯಲ್ಲಿ ಹಾದುಹೋಗುತ್ತಿದ್ದವನೇ? ಹಾಗಿದ್ದರೆ ದಾರಿಹೋಕ, ಇಂಗ್ಲಿಷಿನಲ್ಲಿ ‘ಪಾಸರ್‌ಬೈ’. ನಡೆದದ್ದನ್ನು ಕಣ್ಣಾರೆ ಕಂಡು ಹೇಳಬಲ್ಲವನೇ? ಹಾಗಿದ್ದರೆ ಪ್ರತ್ಯಕ್ಷಸಾಕ್ಷಿ. ಈ ಮೂರರಲ್ಲಿ ಯಾವುದನ್ನೂ ವಾಕ್ಯ ಹೇಳದಿದ್ದರೆ, ಘಟನೆಯಲ್ಲಿ ಪಾಲಿಲ್ಲದೆ ಸ್ಥಳದಲ್ಲಿ ಮಾತ್ರ ಇದ್ದ ಆತ ಬೈಸ್ಟ್ಯಾಂಡರ್. ಒಬ್ಬನೇ ವ್ಯಕ್ತಿ ಬೈಸ್ಟ್ಯಾಂಡರ್ ಆಗಿರುವುದರ ಜೊತೆಗೆ ಸಾಕ್ಷಿಯೂ ಆಗಿರಬಹುದು, ಆದರೆ ಒಂದು ಪದ ಇನ್ನೊಂದರ ಬದಲಿಗೆ ನಿಲ್ಲಲಾರದು. ರಸ್ತೆ ಅಪಘಾತದ ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಗಾಗಿ ಕೇಂದ್ರ ಸರ್ಕಾರ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ವ್ಯತ್ಯಾಸಕ್ಕೆ ಬಲವಾದ ಅರ್ಥವಿದೆ: ಗಾಯಾಳುವನ್ನು ಆಸ್ಪತ್ರೆಗೆ ತಂದ ಬೈಸ್ಟ್ಯಾಂಡರ್‌ನನ್ನು ಕೂಡಲೇ ಹೋಗಲು ಬಿಡಬೇಕು, ವಿಳಾಸ ಕೊಡಬೇಕಾದವನು ಪ್ರತ್ಯಕ್ಷಸಾಕ್ಷಿ ಮಾತ್ರ. ಇಲ್ಲಿ ಎರಡಕ್ಕೂ ‘ಸಾಕ್ಷಿ’ ಎಂದು ಬರೆದರೆ ನೆರವಿಗೆ ಕೈ ಚಾಚಬೇಕಾದವನು ಹೆದರಿ ಹಿಂದೆ ಸರಿಯುತ್ತಾನೆ.

ಮೂರನೆಯದಾಗಿ ಕನ್ನಡ ರೂಪವನ್ನು ಆರಿಸಬೇಕು. ‘ಪಾರ್ಶ್ವಸ್ಥಿತ’ದಂತಹ ಪದಗಳನ್ನು ಕಟ್ಟುವ ಉತ್ಸಾಹ ಬೇಡ, ‘ಸ್ಥಳದಲ್ಲಿದ್ದವರು’ ಅಥವಾ ‘ಅಲ್ಲಿದ್ದವರು’ ಎಂದು ಬರೆಯಿರಿ, ನೂರರಲ್ಲಿ ತೊಂಬತ್ತು ಕಡೆ ಅಷ್ಟು ಸಾಕು. ಗಣಕಯಂತ್ರದ ಅನುವಾದವನ್ನು ಹಾಗೆಯೇ ಅಂಟಿಸುವ ಅಡ್ಡದಾರಿಯನ್ನು ನಾನಂತೂ ಒಪ್ಪುವುದಿಲ್ಲ, ಏಕೆಂದರೆ ‘ಪ್ರೇಕ್ಷಕ’, ‘ವೀಕ್ಷಕ’ಗಳೆರಡೂ ನುಸುಳುವುದು ಹೆಚ್ಚಾಗಿ ಅದೇ ಬಾಗಿಲಿನಿಂದ. ವೀಕ್ಷಕರೆಂದರೆ ಟಿವಿ ನೋಡುವವರು, ಇಲ್ಲವೇ ಚುನಾವಣಾ ಆಯೋಗ ಕಳಿಸಿದ ಅಧಿಕಾರಿಗಳು. ಕೈಕಟ್ಟಿ ನಿಂತದ್ದಕ್ಕಾಗಿ ದೂರುವ ಧಾಟಿ ಮೂಲದಲ್ಲೇ ಇದ್ದರೆ ಮಾತ್ರ ‘ಮೂಕಪ್ರೇಕ್ಷಕ’ ಸರಿಹೊಂದುತ್ತದೆ.

ಬಹುವಚನ ಸುಲಭ: ‘ಬೈಸ್ಟ್ಯಾಂಡರ್ಸ್’. ‘ಪಾಸರ್‌ಬೈ’ಗೆ ಮಾತ್ರ ‘ಪಾಸರ್ಸ್‌ಬೈ’ ಎಂದು ನಡುವೆ ‘ಸ್’ ಬರುತ್ತದೆ.

ಮುಂದಿನ ಹಂತ ಸಮಾಸಗಳದ್ದು. ‘ಇನೊಸೆಂಟ್ ಬೈಸ್ಟ್ಯಾಂಡರ್’ ಎಂದರೆ ಜಗಳಕ್ಕೆ ಸಂಬಂಧವಿಲ್ಲದಿದ್ದರೂ ಏಟು ತಿಂದವನು. ‘ಸಂಬಂಧವಿಲ್ಲದ ಅಮಾಯಕ’ ಎಂದರೆ ಅರ್ಥ ಪೂರ್ತಿಯಾಗುತ್ತದೆ. ‘ಬೈಸ್ಟ್ಯಾಂಡರ್ ಎಫೆಕ್ಟ್’ ಎಂದರೆ ಬೇರೆಯವರೂ ಇದ್ದಾರೆಂದುಕೊಂಡಾಗ ನೆರವಿಗೆ ಮುಂದಾಗುವವರು ಕಡಿಮೆಯಾಗುವುದು. ಅದನ್ನು ‘ಪ್ರೇಕ್ಷಕ ಪರಿಣಾಮ’ ಎಂದು ಬರೆಯುವವರು ಡಾರ್ಲಿ ಮತ್ತು ಲಟಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನೆಯಬೇಕು. ಅದರಲ್ಲಿ ವಿದ್ಯಾರ್ಥಿಗಳು ಬೇರೆ ಬೇರೆ ಕೋಣೆಗಳಲ್ಲಿ ಕುಳಿತಿದ್ದರು. ಒಬ್ಬನಿಗೆ ಮೂರ್ಛೆ ಬಂದಂತೆ ತೊದಲುವ ದನಿ ಇಂಟರ್‌ಕಾಮ್‌ನಲ್ಲಿ ಕೇಳಿಸಿತು. ಕೇಳಿಸಿಕೊಂಡವನು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇ 85ರಷ್ಟು ಮಂದಿ ಆ ದನಿ ನಿಲ್ಲುವ ಮೊದಲೇ ನೆರವು ಕರೆಯಲು ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಎದ್ದವರು ಶೇ 31 ಮಾತ್ರ. ಯಾರೂ ಏನನ್ನೂ ನೋಡಿರಲಿಲ್ಲ, ಆದರೂ ಅವರೆಲ್ಲ ಬೈಸ್ಟ್ಯಾಂಡರ್‌ಗಳೇ. ಇಲ್ಲಿ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿಟ್ಟು ಒಂದು ವಾಕ್ಯದಲ್ಲಿ ವಿವರಿಸುವುದು ಮೇಲು.

ಕೊನೆಯದಾಗಿ, ವರದಿ ಎಲ್ಲಿಂದ ಬಂದಿದೆ ಎಂಬುದನ್ನು ಗಮನಿಸಬೇಕು. ಕಾಸರಗೋಡೂ ಸೇರಿದಂತೆ ಕೇರಳದ ಆಸ್ಪತ್ರೆಗಳಲ್ಲಿ, ಹಾಗೆಯೇ ಮಂಗಳೂರಿನ ಕಡೆ, ‘ಬೈಸ್ಟ್ಯಾಂಡರ್’ ಎಂದರೆ ರೋಗಿಯ ಜೊತೆ ರಾತ್ರಿ ಉಳಿಯುವ ಮನೆಯವರು. ಬೆಂಗಳೂರಿನಲ್ಲಿ ಅವರನ್ನೇ ‘ಅಟೆಂಡರ್’ ಎನ್ನುತ್ತಾರೆ. ವಾರ್ಡಿನ ಬಾಗಿಲಲ್ಲಿ ನರ್ಸ್ ‘ಬೈಸ್ಟ್ಯಾಂಡರ್ ಯಾರು?’ ಎಂದು ಕೂಗಿದಾಗ, ಔಷಧಿ ಚೀಟಿ ಹಿಡಿದು ಓಡಬೇಕಾದವರು ಅವರೇ. ಅಂತಹ ವರದಿಯಲ್ಲಿ ‘ರೋಗಿಯ ಜೊತೆಗಿದ್ದವರು’ ಎಂದು ಬರೆಯಿರಿ.