ಗಂಧಕ ಇಳಿಸಿದ ಮೇಲೆ ಬುಷ್ ನಿಂತಿತು

ಪಂಪ್‌ಸೆಟ್ಟಿನಲ್ಲಿ ಮೋಟರನ್ನೂ ಪಂಪನ್ನೂ ಜೋಡಿಸುವ ಕಪ್ಲಿಂಗ್‌ಗೆ, ಅದರ ಪಿನ್ನಿನ ಸುತ್ತ ಕೂರುವ ರಬ್ಬರ್ ಬುಷ್ ಮಾಡಿ ಮಾರುವವರಿಗೆಲ್ಲ ಬರುವ ದೂರು ಒಂದೇ: “ಕೂತುಬಿಟ್ಟಿದೆ.” ಹರಿದಿರುವುದಿಲ್ಲ, ಹೆಚ್ಚು ಸವೆದಿರುವುದೂ ಇಲ್ಲ. ಒಂದು ಬೇಸಿಗೆ ಓಡಿದ ಮೇಲೆ ಪಿನ್ ಒತ್ತುವ ಮಗ್ಗುಲು ಚಪ್ಪಟೆಯಾಗಿ, ತೂತು ಮೊಟ್ಟೆಯಾಕಾರಕ್ಕೆ ತಿರುಗಿ, ಕಪ್ಲಿಂಗ್ ಕಟಕಟ ಎನ್ನಲು ತೊಡಗುತ್ತದೆ. ಪುತ್ತೂರು ಕಡೆಯ ನಮ್ಮ ಸಣ್ಣ ಘಟಕಕ್ಕೆ ಹೀಗೆ ಹಿಂದಿರುಗಿದ ಮಾಲಿನ ಲೆಕ್ಕ ಒಂದೇ ವರ್ಷದಲ್ಲಿ ನಲವತ್ತು ಸಾವಿರದ ಆಸುಪಾಸು. ಅಚ್ಚಿನ ಸಾಲವೇ ಇನ್ನೂ ತೀರಿರಲಿಲ್ಲ.

ಎಲ್ಲರೂ ಹೇಳುವ ಮದ್ದುಗಳನ್ನು ಮೊದಲು ಮಾಡಿ ನೋಡಿದೆ. ರಬ್ಬರಿಗೆ ಬೆರೆಸುವ ಕಪ್ಪು ಮಸಿಪುಡಿ, ಕಾರ್ಬನ್ ಬ್ಲ್ಯಾಕ್, ಏರಿಸಿದಾಗ ಗಡಸುತನ ಅರವತ್ತೈದರಿಂದ ಎಪ್ಪತ್ತೈದಕ್ಕೆ ಹೋಯಿತು, ಬುಷ್ ಮಾತ್ರ ಮೊದಲಿಗಿಂತ ಬೇಗ ಕೂತಿತು. ಗಂಧಕವನ್ನು ನೂರು ಪಾಲು ರಬ್ಬರಿಗೆ ಮೂರು ದಾಟಿಸಿದೆ. ವಾರ ಕಳೆಯುವುದರೊಳಗೆ ಮೈಮೇಲೆ ಬಿಳಿ ಪುಡಿ ಎದ್ದಿತು, ಅಂಗಡಿಯವರು ಬೂಷ್ಟು ಹಿಡಿದಿದೆ ಎಂದು ವಾಪಸ್ ಕಳಿಸಿದರು. ಖರ್ಚು ಉಳಿಯಲಿ ಎಂದು ರೀಕ್ಲೇಮ್, ಅಂದರೆ ಹಳೆಯ ರಬ್ಬರಿನಿಂದ ಮರಳಿ ಮಾಡಿದ ಮಾಲು, ಬೆರೆಸಿದ ಬ್ಯಾಚಿನ ವಿಷಯ ಹೇಳದಿರುವುದೇ ಒಳ್ಳೆಯದು.

ದಾರಿ ಸಿಕ್ಕಿದ್ದು ಟಾಲ್ವೀನ್ ಎಂಬ ದ್ರಾವಕದ ಬಾಟಲಿಯಲ್ಲಿ. ಕಡಲೆಕಾಳಿನಷ್ಟು ತುಂಡು ಕತ್ತರಿಸಿ, ಚಿನ್ನದ ಕೆಲಸದವರ ತಕ್ಕಡಿಯಲ್ಲಿ ತೂಗಿ, ಎರಡು ರಾತ್ರಿ ನೆನೆಹಾಕಿ, ಒರೆಸಿ ಮತ್ತೆ ತೂಗುವುದು. ರಬ್ಬರ್ ಎಂದರೆ ಉದ್ದುದ್ದ ಅಣುಸರಪಳಿಗಳು, ಬೇಯುವಾಗ ಗಂಧಕ ಅವುಗಳ ನಡುವೆ ಗಂಟು ಹಾಕುತ್ತದೆ. ಆ ಗಂಟು ಕಡಿಮೆ ಇದ್ದರೆ ತುಂಡು ಹೆಚ್ಚು ಉಬ್ಬುತ್ತದೆ, ಹೆಚ್ಚಿದ್ದರೆ ಕಡಿಮೆ. ಬೇರೆ ಊರಿನಿಂದ ತರಿಸಿದ ಒಂದು ಒಳ್ಳೆಯ ಬುಷ್ಷನ್ನೂ ನಮ್ಮದನ್ನೂ ಒಟ್ಟಿಗೆ ಹಾಕಿದೆ. ಎರಡೂ ಉಬ್ಬಿದ್ದು ಹೆಚ್ಚುಕಡಿಮೆ ಒಂದೇ ಸಮ, ಮೂರು ಪಟ್ಟಿನ ಹತ್ತಿರ. ಅವೇ ಎರಡನ್ನು ಕಾಲು ಭಾಗ ಅಮುಕಿ, ಎಪ್ಪತ್ತು ಡಿಗ್ರಿ ಓವನ್ನಿನಲ್ಲಿ ಒಂದು ದಿನ ಇಟ್ಟು ಬಿಟ್ಟಾಗ ನಮ್ಮದರಲ್ಲಿ ಅಮುಕಿದ್ದರ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ತಗ್ಗಾಗಿಯೇ ಉಳಿಯಿತು. ಅವರದು ಬಹುಪಾಲು ಎದ್ದು ನಿಂತಿತು.

ಗಂಟುಗಳ ಸಂಖ್ಯೆ ಒಂದೇ ಆದರೆ ಕೊರತೆ ಗಂಟಿನ ಜಾತಿಯಲ್ಲೇ ಇರಬೇಕು. ಗಂಧಕ ಧಾರಾಳ, ಗಂಟು ಕಟ್ಟುವುದನ್ನು ಚುರುಕುಗೊಳಿಸುವ ಆಕ್ಸಿಲರೇಟರ್ ಜಿಪುಣ ಎಂದಾಗ ಎರಡು ಸರಪಳಿಗಳ ನಡುವಿನ ಸೇತುವೆಯಲ್ಲಿ ಮೂರು, ನಾಲ್ಕು, ಇನ್ನೂ ಹೆಚ್ಚು ಗಂಧಕದ ಪರಮಾಣುಗಳು ಸಾಲಾಗಿ ಕೂರುತ್ತವೆ. ಎಳೆದರೆ ಇಂಥ ರಬ್ಬರ್ ಬಲು ಗಟ್ಟಿ. ಬಿಸಿಯಲ್ಲಿ ಅಮುಕಿಟ್ಟರೆ ಮಾತ್ರ ಉದ್ದ ಸೇತುವೆ ಬಿಡುತ್ತದೆ, ಅಮುಕಿದ ಆಕಾರದಲ್ಲೇ ಬೇರೆ ಕಡೆ ಮತ್ತೆ ಕಟ್ಟಿಕೊಳ್ಳುತ್ತದೆ. ಚಪ್ಪಟೆಯೇ ಅದರ ಸಹಜ ಆಕಾರವಾಗಿಬಿಡುತ್ತದೆ. ಒಂದೆರಡು ಪರಮಾಣುಗಳ ಗಿಡ್ಡ ಸೇತುವೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಹಾಗಾಗಿ ಗಂಧಕವನ್ನು ಎರಡೂವರೆಯಿಂದ ಒಂದೂಕಾಲರ ಹತ್ತಿರಕ್ಕೆ ಇಳಿಸಿದೆ, ಸಿಬಿಎಸ್ ಎಂಬ ಆಕ್ಸಿಲರೇಟರನ್ನು ಮುಕ್ಕಾಲರಿಂದ ಒಂದೂವರೆಗೆ ಏರಿಸಿದೆ. ಜೊತೆಗೆ ಇನ್ನೊಂದು ಆಕ್ಸಿಲರೇಟರ್ ಚಿಟಿಕೆಯಷ್ಟು ಹೋಗುತ್ತದೆ. ಅದು ಯಾವುದು, ಯಾವ ಹೊತ್ತಿಗೆ ಎಂಬುದು ನನ್ನಲ್ಲೇ ಇರಲಿ. ಪ್ರೆಸ್ಸಿನ ಬಿಸಿ ನೂರ ಅರವತ್ತೈದರಿಂದ ನೂರ ನಲವತ್ತೈದಕ್ಕೆ ಬಂತು, ಆರು ನಿಮಿಷದ ಬೇಯುವಿಕೆ ಹದಿನೈದು ದಾಟಿತು. ಹೆಚ್ಚು ಬಿಸಿಯಲ್ಲಿ ಹೊರಮೈ ಬೆಂದು ಮುಗಿದು ಕಟ್ಟಿದ ಗಂಟು ಬಿಚ್ಚಲು ತೊಡಗಿದಾಗಲೂ ದಪ್ಪ ಬುಷ್ಷಿನ ಒಳಗು ಅರೆಬೆಂದೇ ಇರುತ್ತಿತ್ತು. ಕುಯ್ದು ನೋಡಿದವರಿಗೆ ಗೊತ್ತು.

ಎರಡು ರೋಲಿನ ನಡುವೆ ರಬ್ಬರ್ ಅರೆಯುವ ಮಿಲ್ಲಿನ ಹಳೆಯ ಕೆಲಸಗಾರ, “ಧಣಿ, ಇಷ್ಟು ಗಂಧಕದಲ್ಲಿ ಇದು ಹಸಿಯೇ ಉಳಿಯುತ್ತದೆ, ಬರೆದಿಟ್ಟುಕೊಳ್ಳಿ” ಎಂದ. ಕಾಂಪೌಂಡ್, ಅಂದರೆ ಬೆರೆಸಿ ಸಿದ್ಧವಾದ ರಬ್ಬರ್, ಮಾರುವವರೊಬ್ಬರು ಕರೆಂಟ್ ಬಿಲ್ಲಿನ ಲೆಕ್ಕ ಹಾಕಿಕೊಟ್ಟು ನಕ್ಕರು. ಬಿಲ್ ಏರಿದ್ದು ನಿಜ, ತಿಂಗಳಿಗೆ ಮೂರು ಸಾವಿರದಷ್ಟು.

ಆದರೂ ಫಲ ಪೂರ್ತಿ ಬಂದಿದ್ದು ಮಿಲ್ಲಿನ ಮೇಲೆ ಕಡಿವಾಣ ಹಾಕಿದ ಮೇಲೆ. ನಮ್ಮಲ್ಲಿ ಶೀಟು ರೋಲಿನ ಮೇಲೆ ರೇಷ್ಮೆಯ ನುಣುಪಿಗೆ ಬರುವವರೆಗೆ ಅರೆಯುವುದೇ ಜಾಣತನ ಎಂಬ ನಂಬಿಕೆ. ಅರೆದಷ್ಟೂ ಸರಪಳಿ ತುಂಡಾಗುತ್ತದೆ. ಉದ್ದದ ಒತ್ತುಶಾವಿಗೆಯನ್ನು ಒಂದು ಕಡೆ ಎತ್ತಿದರೆ ಇಡೀ ಮುದ್ದೆ ಮೇಲೇಳುತ್ತದೆ, ಪುಡಿಯಾದದ್ದು ಬೆರಳಿಗಷ್ಟೇ ಬರುತ್ತದೆ. ತುಂಡು ಸರಪಳಿಯ ತುದಿಗಳು ಎಲ್ಲಿಗೂ ಕಟ್ಟಿಕೊಳ್ಳದೆ ಜೋತಾಡುತ್ತವೆ, ಭಾರ ಹೊರುವುದಿಲ್ಲ. ಈಗ ಅರೆಯುವ ಹೊತ್ತನ್ನು ಸುಮಾರು ಅರ್ಧಕ್ಕಿಳಿಸಿದ್ದೇನೆ, ರೋಲಿಗೆ ನೀರು ಬಿಟ್ಟೇ ಇರುತ್ತೇನೆ, ಕಾಂಪೌಂಡ್ ಒಂದು ರಾತ್ರಿ ಮಲಗಿದ ಮೇಲೆಯೇ ಗಂಧಕ. ಸುಳ್ಯದ ತೋಟಗಳಿಂದ ಬರುವ ಶೀಟಿನಲ್ಲೂ ಆರಿಸುತ್ತೇನೆ. ಹೊಗೆಗೂಡಿನಲ್ಲಿ ಅತಿಯಾಗಿ ಕಾಯ್ದು ಅಂಟಂಟಾದದ್ದು, ಒಟ್ಟುಪಾಲು (ಮರದ ಗಾಯದ ಮೇಲೆ ಒಣಗಿ ಹೆಪ್ಪಾದ ಹಾಲು) ಸೇರಿಸಿ ಒತ್ತಿದ್ದು ಬೇಡವೇ ಬೇಡ. ಕಿಲೋಗೆ ನಾಲ್ಕೈದು ರೂಪಾಯಿ ಹೆಚ್ಚು ಹೋಗುತ್ತದೆ, ಹೋಗಲಿ.

ಹುಮ್ಮಸ್ಸಿನಲ್ಲಿ ಗಂಧಕವನ್ನು ಅರ್ಧಕ್ಕೂ ಕೆಳಗೆ ಇಳಿಸಿ ನೋಡಿದ್ದೂ ಇದೆ. ಅಮುಕಿದರೆ ಇನ್ನೂ ಚೆನ್ನಾಗಿ ಎದ್ದಿತು. ಅದರಲ್ಲೇ ಮಾಡಿದ ಬೆಲ್ಲೋಸ್ (ಮಡಿಕೆ ಮಡಿಕೆಯ ರಬ್ಬರ್ ಕೊಳವೆ) ಮಾತ್ರ ಮಡಿಕೆಯ ಬುಡದಲ್ಲಿ ಬೇಗ ಬಿರುಕು ಬಿಟ್ಟಿತು. ಪದೇ ಪದೇ ಬಾಗುವ ವಸ್ತುವಿಗೆ ಉದ್ದ ಸೇತುವೆಯೇ ವಾಸಿ. ಬೆಲ್ಲೋಸಿಗೂ ಎಂಜಿನ್ ಮೌಂಟಿಗೂ ಇಂದಿಗೂ ಹಳೆಯ ಪಾಕವನ್ನೇ ಬಳಸುತ್ತೇನೆ.

ಇನ್ನೊಂದು ಚಟ. ಗಟ್ಟಾಪರ್ಚಾ ಎಂಬ ಮರದ ಹಾಲಿನ ಅಂಟು ಕೂಡ ನಮ್ಮ ರಬ್ಬರಿನ ಐಸೊಪ್ರೀನ್ ಕೊಂಡಿಗಳದ್ದೇ. ಕೊಂಡಿಗಳು ತಿರುಗಿ ಕೂತಿರುವ ರೀತಿ ಬೇರೆ, ಸರಪಳಿ ನೀಟಾಗಿ ಒತ್ತೊತ್ತಾಗಿ ಕೂತು ಹರಳುಗಟ್ಟುತ್ತದೆ. ಹಲ್ಲಿನ ಬೇರುನಾಳ ತುಂಬಲು ಬಳಸುವ ಆ ಕಡ್ಡಿಗಳನ್ನು ದಂತವೈದ್ಯರ ಬಳಿ ಬೇಡಿ ತಂದು ಎಳೆದೆ, ಹಿಂದಿರುಗಲಿಲ್ಲ. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಹೇಳಿದ ಹಾಗೆ ಬಾಗಿತು, ಆರಿದ ಮೇಲೆ ಹಾಗೆಯೇ ನಿಂತಿತು. ಆ ಕಡ್ಡಿಯಲ್ಲಿ ಝಿಂಕ್ ಆಕ್ಸೈಡೇ ಹೆಚ್ಚು, ಗಟ್ಟಾಪರ್ಚಾ ಸುಮಾರು ಐದನೇ ಒಂದು ಪಾಲು. ಆದ್ದರಿಂದ ಇದನ್ನು ಪರೀಕ್ಷೆ ಎನ್ನಲಾರೆ, ತಮಾಷೆ ಎನ್ನಬಹುದು.

ಕಳೆದೆರಡು ಬೇಸಿಗೆಗಳಲ್ಲಿ ಕೂತುಬಿಟ್ಟಿದೆ ಎಂದು ಬಂದ ಬುಷ್‌ಗಳು ಬೆರಳೆಣಿಕೆಯಷ್ಟು. ಓವನ್ ಪರೀಕ್ಷೆಯಲ್ಲಿ ಈಗ ಉಳಿಯುವ ತಗ್ಗು ನೂರಕ್ಕೆ ಹದಿನೈದು, ಹದಿನೆಂಟು. ಬುಷ್ಷಿಗೆ ಎರಡು ರೂಪಾಯಿ ಏರಿಸಿದರೂ ಅಂಗಡಿಯವರು ಗೊಣಗಲಿಲ್ಲ. ಅಂದು ನಕ್ಕವರು ಮೊನ್ನೆ ಫೋನ್ ಮಾಡಿ ಆ ಚಿಟಿಕೆ ಯಾವುದೆಂದು ಕೇಳಿದರು. ಕರೆಂಟ್ ಬಿಲ್ ಕಳಿಸಿಕೊಡುತ್ತೇನೆ ಎಂದೆ. ಪ್ರೆಸ್ಸಿನ ಹೊತ್ತು ಹೆಚ್ಚಿದ್ದಕ್ಕೆ ಪರಿಹಾರವಾಗಿ ಒಂಬತ್ತು ಗುಂಡಿಯ ಬದಲು ಹದಿನಾರು ಗುಂಡಿಯ ಅಚ್ಚಿಗೆ ಮುಂಗಡ ಕೊಟ್ಟಿದ್ದೇನೆ.