ಕ್ಸೆನಾನ್ ಹಾಕಿದ ಮೇಲೆ ಬಂದ ಹಳದಿ ಬಲ್ಬ್ ಗುರುತು: ನಾನು ಸರಿ ಮಾಡಿಕೊಂಡ ಬಗೆ

ನನ್ನದು ಫೋಕ್ಸ್‌ವ್ಯಾಗನ್ ಬಳಗದ 2011ರ ಡೀಸೆಲ್ ಸೆಡಾನ್. ತಿಂಗಳಿಗೆ ಎರಡು ಸಲವಾದರೂ ರಾತ್ರಿ ಹೊತ್ತು ಬೆಂಗಳೂರಿನಿಂದ ಸಕಲೇಶಪುರದ ಕಡೆ ಹೋಗುತ್ತೇನೆ. ಹಾಸನ ದಾಟಿ ಮಳೆ ಶುರುವಾದರೆ ಹಳೆಯ ಹ್ಯಾಲೊಜೆನ್ ಬೆಳಕು ಸಾಲುತ್ತಿರಲಿಲ್ಲ. ಇದೇ ಮಾದರಿಯ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಬೈ-ಕ್ಸೆನಾನ್ ಕೊಡುತ್ತಿತ್ತು, ಅಂದರೆ ಲೋ ಬೀಮ್, ಹೈ ಬೀಮ್ ಎರಡಕ್ಕೂ ಒಂದೇ ಕ್ಸೆನಾನ್ ಅನಿಲದ ದೀಪ. ಆ ಹೆಡ್‌ಲೈಟ್ ಜೋಡಿಯನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ ತಂದೆ. ದೀಪ ಹೊತ್ತಿಸಿ ಉರಿಸುವ ಪೆಟ್ಟಿಗೆ, ಅಂದರೆ ಬ್ಯಾಲಾಸ್ಟ್, ಮತ್ತು ಅದಕ್ಕೆ ಹೊಂದುವ ಡಿ1ಎಸ್ ಬಗೆಯ ಕ್ಸೆನಾನ್ ಬಲ್ಬ್ ಮಾತ್ರ ಹೊಸದು ಕೊಂಡೆ.

ಒಂದು ಭಾನುವಾರ ಕೂತು ಎರಡನ್ನೂ ಜೋಡಿಸಿದೆ. ಬೆಳಕು ಚೆನ್ನಾಗಿ ಬಂತು. ಜೊತೆಗೆ ಮೀಟರ್ ಬೋರ್ಡ್‌ನಲ್ಲಿ ಹಳದಿ ಬಲ್ಬ್ ಗುರುತೂ ಬಂತು. ಎಡ ಲೋ ಬೀಮ್ ನೋಡಿ, ಬಲ ಲೋ ಬೀಮ್ ನೋಡಿ ಅಂತ ಸಂದೇಶ. ಎರಡೂ ಕಣ್ಣೆದುರಿಗೇ ಉರಿಯುತ್ತಿವೆ! ಇನ್ನೊಂದು ವಿಚಿತ್ರವೂ ಇತ್ತು. ಲೈಟ್ ಸ್ವಿಚ್ ಆಫ್ ಇದ್ದರೂ, ಕೀ ತಿರುಗಿಸಿದ ಕೂಡಲೇ ಹೆಡ್‌ಲೈಟ್ ಒಂದೆರಡು ಸಲ ಮಿನುಗುತ್ತಿತ್ತು.

ಕಾರಿಗೆ ಬಲ್ಬ್ ಕಾಣುವುದಿಲ್ಲ, ಕರೆಂಟ್ ಮಾತ್ರ ಗೊತ್ತಾಗುತ್ತೆ. ಇದು ತಲೆಗೆ ಹೋದ ಮೇಲೆ ಮಿಕ್ಕಿದ್ದೆಲ್ಲ ಸುಲಭವಾಯಿತು. 55 ವ್ಯಾಟ್‌ನ ಎಚ್7 ಹ್ಯಾಲೊಜೆನ್ ಬಲ್ಬ್ ಉರಿಯುವಾಗ ನಾಲ್ಕು ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತೆ. ಕ್ಸೆನಾನ್ 35 ವ್ಯಾಟ್. ಟ್ಯೂಬ್‌ಲೈಟಿಗೆ ಚೋಕ್ ಇದ್ದ ಹಾಗೆ ಇದಕ್ಕೆ ಬ್ಯಾಲಾಸ್ಟ್. ಅದು ತಿನ್ನುವುದನ್ನೂ ಸೇರಿಸಿದರೆ ಮೂರು ಆಂಪಿಯರ್ ಚಿಲ್ಲರೆ. ನಾನು ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದಾಗ 3.1 ಬಂತು. ದೀಪಗಳನ್ನು ನೋಡಿಕೊಳ್ಳುವ ಕಾರಿನ ಪುಟ್ಟ ಕಂಪ್ಯೂಟರ್, ಅಂದರೆ ಲೈಟ್ ಕಂಟ್ರೋಲ್ ಮಾಡ್ಯೂಲ್, ಕಾಯುತ್ತಿರುವುದು ನಾಲ್ಕಕ್ಕೆ, ಸಿಕ್ಕಿದ್ದು ಮೂರು. ಬಲ್ಬ್ ಹೋಗಿದೆ ಅಂತ ಅದು ತೀರ್ಮಾನಿಸುತ್ತೆ.

ಮಿನುಗುವುದಕ್ಕೂ ಇಂಥದೇ ಕಾರಣ. ಲೈಟ್ ಆಫ್ ಇರುವಾಗ ಮಾಡ್ಯೂಲ್ ಬಲ್ಬಿಗೆ ಕ್ಷಣ ಮಾತ್ರದ ಕರೆಂಟ್ ಕಳಿಸಿ ತಂತಿ ಕಡಿದಿದೆಯಾ ಅಂತ ನೋಡುತ್ತೆ. ಇದಕ್ಕೆ ಕೋಲ್ಡ್ ಚೆಕ್ ಅನ್ನುತ್ತಾರೆ. ಹ್ಯಾಲೊಜೆನ್ ಅಷ್ಟು ಸಣ್ಣ ಹೊತ್ತಿನಲ್ಲಿ ಬೆಳಗುವಷ್ಟು ಬಿಸಿಯಾಗುವುದೇ ಇಲ್ಲ. ಬ್ಯಾಲಾಸ್ಟ್ ಮಾತ್ರ ಅದನ್ನೇ ಆನ್ ಅಂತ ತಿಳಿದು ದೀಪ ಹೊತ್ತಿಸಲು ಹೊರಡುತ್ತೆ. ಹೊತ್ತಿಸಲು ಬೇಕಾಗುವುದು ಇಪ್ಪತ್ತು ಸಾವಿರ ವೋಲ್ಟ್‌ಗೂ ಮೇಲೆ. ಪ್ರತಿ ಸಲ ಹೀಗೆ ಅರ್ಧಕ್ಕೆ ಹೊತ್ತಿಸಿ ಬಿಟ್ಟರೆ ಬಲ್ಬೂ ಬ್ಯಾಲಾಸ್ಟೂ ಬೇಗ ಸವೆಯುತ್ತವೆ.

ಒಂದು ಬಿಡಿಭಾಗದ ಅಂಗಡಿಯಲ್ಲಿ ವಿಷಯ ಹೇಳಿದೆ. "ಸರ್, ರೆಸಿಸ್ಟರ್ ಹಾಕ್ಬಿಡಿ, ವಾರ್ನಿಂಗ್ ಹೋಗುತ್ತೆ" ಅಂದರು. 50 ವ್ಯಾಟ್, 6 ಓಮ್, ಬಂಗಾರದ ಬಣ್ಣದ ಅಲ್ಯೂಮಿನಿಯಂ ಮೈ. ಎರಡು ತಂದು ಬ್ಯಾಲಾಸ್ಟ್ ತಂತಿಗೆ ಪ್ಯಾರಲಲ್ ಆಗಿ ಸೇರಿಸಿದೆ. ವಾರ್ನಿಂಗ್ ಹೋಯಿತು ನಿಜ. ನಾಲ್ಕನೇ ದಿನ ಬಾನೆಟ್ ತೆಗೆದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಹೆಡ್‌ಲೈಟಿನ ಹಿಂದಿನ ಮುಚ್ಚಳ ಒಂದು ಕಡೆ ಮೆತ್ತಗಾಗಿ ಬಾಗಿತ್ತು.

ಆಮೇಲೆ ಲೆಕ್ಕ ಹಾಕಿದೆ. ಎಂಜಿನ್ ಓಡುವಾಗ 13.5 ವೋಲ್ಟ್. 6 ಓಮ್ ಅಂದರೆ 2.25 ಆಂಪಿಯರ್, 30 ವ್ಯಾಟ್ ಬರೀ ಶಾಖ. ಮನೆಯಲ್ಲಿರುವ ಸಾಲ್ಡರಿಂಗ್ ಐರನ್ 25 ವ್ಯಾಟ್‌ದು. ಅದಕ್ಕಿಂತ ಜಾಸ್ತಿ ಶಾಖ ಬಿಡುವ ವಸ್ತುವನ್ನು ಪ್ಲಾಸ್ಟಿಕ್ ಪಕ್ಕ ಗಂಟೆಗಟ್ಟಲೆ ಉರಿಸುತ್ತಿದ್ದೆ. ಹಾಕಲೇಬೇಕು ಅನ್ನುವವರು ಅದನ್ನು ಬಾಡಿಯ ದಪ್ಪ ತಗಡಿಗೆ ಬೋಲ್ಟ್ ಮಾಡಿ, ತಂತಿ ಮತ್ತು ಪ್ಲಾಸ್ಟಿಕ್‌ನಿಂದ ದೂರ ಇಡಬೇಕು. ನಾನು ಅವತ್ತೇ ಎರಡನ್ನೂ ಬಿಚ್ಚಿ ಹಾಕಿದೆ. ಬೆಂಕಿಯ ವಿಷಯದಲ್ಲಿ ನನಗೆ ಧೈರ್ಯ ಸಾಲದು.

ಇಂಥ ವಾರ್ನಿಂಗ್ ತಪ್ಪಿಸಲು ಅಂಗಡಿಗಳಲ್ಲಿ ಕ್ಯಾನ್‌ಬಸ್ ಕ್ಯಾನ್ಸೆಲರ್ ಅಂತ ಮಾರುವ ಡಬ್ಬಿಗಳನ್ನು ಬಿಚ್ಚಿ ನೋಡಿದರೂ ಸಾಮಾನ್ಯವಾಗಿ ಇರುವುದು ಇಂಥದೇ ರೆಸಿಸ್ಟರ್, ಜೊತೆಗೆ ಒಂದು ಕೆಪಾಸಿಟರ್. ಕೆಲವು ಕಾರುಗಳಲ್ಲಿ ಹೆಡ್‌ಲೈಟಿಗೆ ಕರೆಂಟ್ ತುಂಡುತುಂಡಾಗಿ ಬರುತ್ತೆ. ಅಲ್ಲಿ ಕೆಪಾಸಿಟರ್ ಬೆಳಕಿನ ನಡುಕ ತಪ್ಪಿಸುತ್ತೆ. ಅಷ್ಟಕ್ಕೆ ಅದು ಒಳ್ಳೆಯದೇ.

ನನ್ನ ಕಾರಿಗೆ ಸರಿಯಾದ ದಾರಿ ಕೋಡಿಂಗ್, ಅಂದರೆ ಮಾಡ್ಯೂಲಿನ ಸೆಟ್ಟಿಂಗ್ ಬದಲಿಸುವುದು. ಮೇಲಿನ ವೇರಿಯಂಟ್‌ನಲ್ಲಿ ಕ್ಸೆನಾನ್ ಇದೆ ಅಂದ ಮೇಲೆ ಮಾಡ್ಯೂಲಿಗೆ ಅದು ಗೊತ್ತಿರಲೇಬೇಕು, ಅಲ್ವಾ? ಈ ಬಳಗದ ಕಾರುಗಳ ಮಾಡ್ಯೂಲ್ ಓದಿ ಬದಲಿಸುವ ವಿಸಿಡಿಎಸ್ ಸಾಫ್ಟ್‌ವೇರಿನ ಕೇಬಲನ್ನು ಸ್ನೇಹಿತರೊಬ್ಬರಿಂದ ತಂದು, ಲ್ಯಾಪ್‌ಟಾಪ್‌ನಲ್ಲಿ ದೀಪಗಳ ಮಾಡ್ಯೂಲ್ ಆದ 09 ಸೆಂಟ್ರಲ್ ಎಲೆಕ್ಟ್ರಿಕ್ಸ್ ತೆರೆದೆ. ಮೊದಲು ಹಳೆಯ ಕೋಡಿಂಗ್ ಪೂರ್ತಿ ಕಾಗದದಲ್ಲಿ ಬರೆದುಕೊಂಡೆ. ಇದನ್ನು ಮಾತ್ರ ಯಾರೂ ಬಿಡಬೇಡಿ, ಒಂದು ಅಕ್ಷರ ತಪ್ಪಿದರೆ ವೈಪರ್, ಡೋರ್ ಲಾಕ್ ಏನಾದರೂ ಕೆಡಬಹುದು. ಹೆಡ್‌ಲೈಟ್ ಬಗೆಯನ್ನು ಹ್ಯಾಲೊಜೆನ್‌ನಿಂದ ಬೈ-ಕ್ಸೆನಾನ್‌ಗೆ ಬದಲಿಸಿದೆ. ಲೋ ಬೀಮ್‌ನ ಕೋಲ್ಡ್ ಚೆಕ್ ಮಾತ್ರ ತೆಗೆದೆ. ಉರಿಯುವಾಗ ನೋಡುವ ಚೆಕ್ ಹಾಗೇ ಉಳಿಸಿದೆ.

ಮಿನುಗುವುದು ನಿಂತಿತು. ಬಲಗಡೆ ವಾರ್ನಿಂಗ್ ಹೋಯಿತು. ಎಡಗಡೆಯದು ಉಳಿಯಿತು.

ಆವಾಗ ಎಲ್ಲ ಚೆಕ್ ಆಫ್ ಮಾಡಿಬಿಡೋಣ ಅಂತ ಆಸೆಯಾದದ್ದು ನಿಜ. ಆದರೆ ಎರಡು ಕಡೆಯೂ ಒಂದೇ ಸಾಮಾನು, ಒಂದೇ ಕೋಡಿಂಗ್. ಹಾಗಿದ್ದರೆ ಎಡಗಡೆ ನಿಜವಾಗಿಯೂ ಏನೋ ಇದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹತ್ತು ನಿಮಿಷ ಬಿಟ್ಟು, ಬಲ್ಬ್ ಎಡದಿಂದ ಬಲಕ್ಕೆ ಬದಲಿಸಿದೆ. ವಾರ್ನಿಂಗ್ ಎಡಗಡೆಯೇ. ಬ್ಯಾಲಾಸ್ಟ್ ಬದಲಿಸಿದೆ. ಆಗಲೂ ಎಡಗಡೆಯೇ. ಉಳಿದದ್ದು ವೈರಿಂಗ್.

ಲೈಟ್ ಹಾಕಿಸಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಡ ಹೆಡ್‌ಲೈಟ್ ಪ್ಲಗ್‌ನ ಅರ್ತ್ ತಂತಿಗೆ ಇಟ್ಟೆ. ಹತ್ತಿರ ಹತ್ತಿರ ಸೊನ್ನೆ ಇರಬೇಕಾದಲ್ಲಿ, ದೀಪ ಹೊತ್ತುವ ಹೊತ್ತಿಗೆ 0.9 ವೋಲ್ಟ್. ಹೊತ್ತಿಕೊಳ್ಳುವ ಮೊದಲ ಕೆಲವು ಸೆಕೆಂಡ್ ಬ್ಯಾಲಾಸ್ಟ್ ತುಂಬ ಜಾಸ್ತಿ ಕರೆಂಟ್ ಎಳೆಯುತ್ತೆ. ವೋಲ್ಟ್ ಕಡಿಮೆಯಾದಷ್ಟೂ ಇನ್ನೂ ಜಾಸ್ತಿ ಎಳೆಯುತ್ತೆ. ಅರ್ತ್ ಸರಿ ಇಲ್ಲದಿದ್ದರೆ ಅಲ್ಲೇ ಮುಗ್ಗರಿಸಿ, ಆರಿ, ಮತ್ತೆ ಹೊತ್ತಿಸಲು ನೋಡುತ್ತೆ. ಮಾಡ್ಯೂಲ್ ನೋಡಿದ್ದು ಅದನ್ನೇ. ಬ್ಯಾಟರಿ ಟ್ರೇ ಪಕ್ಕದ ಅರ್ತ್ ಬೋಲ್ಟ್ ಬಿಚ್ಚಿದರೆ ಪೂರ್ತಿ ತುಕ್ಕು, ಹಸಿರು ಪುಡಿ. ಉಪ್ಪುಕಾಗದದಿಂದ ತಗಡು ಹೊಳೆಯುವ ತನಕ ಉಜ್ಜಿ, ತಂತಿಯ ತುದಿಗೆ ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಒತ್ತಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ. ಮತ್ತೆ ಅಳೆದಾಗ 0.1ಕ್ಕೂ ಕಡಿಮೆ. ವಾರ್ನಿಂಗ್ ಹೋಯಿತು.

ಎದುರಿನವರ ಕಣ್ಣಿನ ಮಾತೂ ಹೇಳಲೇಬೇಕು. ಹ್ಯಾಲೊಜೆನ್ ರಿಫ್ಲೆಕ್ಟರ್ ಒಳಗೆ ಕ್ಸೆನಾನ್ ಬಲ್ಬ್ ಸಿಕ್ಕಿಸುವ ಕಿಟ್ ದಯವಿಟ್ಟು ಬೇಡ. ಬೆಳಕು ಎಲ್ಲ ಕಡೆ ಚೆಲ್ಲುತ್ತೆ. ನಾನು ಬೆಳಕನ್ನು ಲೆನ್ಸ್ ಮೂಲಕ ಹಿಡಿದು ಬಿಡುವ ಪ್ರೊಜೆಕ್ಟರ್ ಇರುವ ಕಂಪನಿ ಹೆಡ್‌ಲೈಟನ್ನೇ ಹಾಕಿ, ಭಾರಕ್ಕೆ ಕಾರು ವಾಲಿದರೆ ದೀಪವನ್ನು ತಗ್ಗಿಸಲು ಬೇಕಾದ ಆಕ್ಸಲ್‌ನ ಲೆವೆಲ್ ಸೆನ್ಸರ್ ಕೂಡ ಕೂರಿಸಿದೆ. ಗೋಡೆಯಿಂದ ಐದು ಮೀಟರ್ ದೂರ ನಿಲ್ಲಿಸಿ, ಬೆಳಕಿನ ಗೆರೆ ದೀಪದ ಎತ್ತರಕ್ಕಿಂತ ಐದು ಸೆಂಟಿಮೀಟರ್ ಕೆಳಗೆ ಬರುವ ಹಾಗೆ ತಿರುಗಿಸಿದೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟ್‌ಗಳ ಮೇಲೆ ವಿಶೇಷವಾಗಿ ಕೇಸು ಹಾಕಿದ್ದು ನೆನಪಿರಬಹುದು. ಕೈ ಹಾಕುವ ಮೊದಲು ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ಒಂದು ತಿಂಗಳಾದ ಮೇಲೆ ಒಂದು ಪರೀಕ್ಷೆ ಮಾಡಿದೆ. ಕಾರು ಆಫ್ ಮಾಡಿ, ಎಡ ಬ್ಯಾಲಾಸ್ಟ್ ಪ್ಲಗ್ ಬಿಚ್ಚಿ, ಮತ್ತೆ ಲೈಟ್ ಹಾಕಿದೆ. ಕೂಡಲೇ ಹಳದಿ ಗುರುತು ಬಂತು, ಎಡ ಲೋ ಬೀಮ್ ನೋಡಿ ಅಂತ. ಪ್ಲಗ್ ಸೇರಿಸಿ ಬಾನೆಟ್ ಹಾಕಿದೆ.