ಲಾಲಾರಸ ಅಳೆಯುವ ಕ್ರಮ: ಮನುಷ್ಯರಲ್ಲಿ, ದನಗಳಲ್ಲಿ

'ಬಾಯಿ ಒಣಗತೈತ್ರಿ' ಎಂದವರೆಲ್ಲರ ಲಾಲಾಗ್ರಂಥಿ ಕೆಟ್ಟಿರುವುದಿಲ್ಲ. ಇನ್ನು ಒಬ್ಬರ ಸಹಜ ಸ್ರವಿಕೆ ಸುಮಾರು ಅರ್ಧಕ್ಕೆ ಇಳಿಯುವವರೆಗೂ ಬಾಯಿ ಒಣಗಿದ್ದು ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಅದಕ್ಕೇ ಅಳೆಯಬೇಕು. ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಅಧ್ಯಯನಕ್ಕೆ ಇಳಿಯುವ ದಂತವೈದ್ಯ ಮತ್ತು ಪಶುವೈದ್ಯ ವಿದ್ಯಾರ್ಥಿಗಳಿಗಾಗಿ ಈ ಬರಹ. ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮತ್ತು ಕನ್ನಡದಲ್ಲಿ ಓದಿ ಹೇಳಿದ ಒಪ್ಪಿಗೆ ಪತ್ರ ಇಲ್ಲದೆ ಒಂದು ಹನಿಯನ್ನೂ ಸಂಗ್ರಹಿಸಬೇಡಿ.

ತಪ್ಪುಗಳು ಹೆಚ್ಚಾಗಿ ಕೊಳವೆ ಹಿಡಿಯುವ ಮೊದಲೇ ಆಗಿರುತ್ತವೆ. ಸ್ರವಿಕೆ ದಿನವಿಡೀ ಒಂದೇ ಸಮ ಇರುವುದಿಲ್ಲ. ನಿದ್ದೆಯಲ್ಲಿ ಬಹುತೇಕ ನಿಲ್ಲುತ್ತದೆ, ಮಧ್ಯಾಹ್ನದ ನಂತರ ಏರುತ್ತದೆ. ಎಲ್ಲರನ್ನೂ ಬೆಳಿಗ್ಗೆ 9ರಿಂದ 11ರೊಳಗೆ ಕೂರಿಸಿ. ಅದಕ್ಕೆ 90 ನಿಮಿಷ ಮೊದಲಿನಿಂದ ಊಟ, ಚಹಾ, ಬೀಡಿ, ಎಲೆ-ಅಡಿಕೆ, ಗುಟ್ಕಾ, ಹಲ್ಲುಜ್ಜುವುದು ಯಾವುದೂ ಬೇಡ. ಇದನ್ನು ಹಿಂದಿನ ದಿನವೇ ಹೇಳಿ, ಬಂದ ಮೇಲೆ ಮತ್ತೆ ಕೇಳಿ. 'ಏನೂ ತಿಂದಿಲ್ರಿ' ಎನ್ನುವವರು ಚಹಾವನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ, ಹಾಗಾಗಿ ಒಂದೊಂದನ್ನೂ ಹೆಸರು ಹಿಡಿದು ಕೇಳಿ. ಗಿರ್ಮಿಟ್, ಮಿರ್ಚಿ ಬಜ್ಜಿಯ ವಾಸನೆ ಬರುವ ಕ್ಯಾಂಟೀನ್ ಪಕ್ಕ ಕುರ್ಚಿ ಹಾಕಬೇಡಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಿಂದ ನೇರವಾಗಿ ಬಂದವರಿಗೆ ಬೇರೆ ದಿನ ಕೊಡಿ. ಖಾರ ಸ್ರವಿಕೆಯನ್ನು ಏರಿಸುತ್ತದೆ. ಉಪವಾಸ, ರೋಜಾ, ಏಪ್ರಿಲ್ ಬಿಸಿಲಿನ ದಣಿವು ಅದನ್ನು ಇಳಿಸುತ್ತವೆ.

ಔಷಧಿಗಳ ಚೀಟಿ ನೋಡಿ. ಅಲರ್ಜಿ ಮಾತ್ರೆ, ಖಿನ್ನತೆ-ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ಹೆಚ್ಚಿಸುವ ಮಾತ್ರೆಗಳು ಬಾಯಿ ಒಣಗಿಸುತ್ತವೆ. ಹತ್ತಿ-ಮೆಣಸಿನಕಾಯಿ ಬೆಳೆಯುವ ನಮ್ಮ ಕಡೆ 'ಎಣ್ಣೆ (ಬೆಳೆಗೆ ಕೀಟನಾಶಕ) ಹೊಡೆದು ಎಷ್ಟು ದಿನ ಆತು?' ಎಂದು ಕೇಳಲೇಬೇಕು. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಮೈಗೆ ಸೇರಿದರೆ ನರದ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವ ಕೆಲಸ ನಿಲ್ಲಿಸುತ್ತದೆ, ಗ್ರಂಥಿಗೆ 'ಸುರಿಸು' ಎಂಬ ಸಂದೇಶ ನಿಲ್ಲುವುದೇ ಇಲ್ಲ. ಜೊಲ್ಲು ಸುರಿಯುತ್ತಿದ್ದು, ಬೆವರು ಹರಿದು, ಕಣ್ಣಿನ ಪಾಪೆ ಚುಕ್ಕೆಯಷ್ಟಾಗಿದ್ದರೆ ಅದು ಮಾದರಿಯಲ್ಲ, ವಿಷಪ್ರಾಶನ. ಕೂಡಲೇ ಆಸ್ಪತ್ರೆಗೆ ಕಳಿಸಿ.

ಇನ್ನು ಅಳತೆ. 0.01 ಗ್ರಾಂ ತೋರಿಸುವ ತಕ್ಕಡಿ, ಮುಚ್ಚಳವಿರುವ ಕೊಳವೆ, ಸಣ್ಣ ಆಲಿಕೆ, ಗಡಿಯಾರ ಸಾಕು. ಖಾಲಿ ಕೊಳವೆ ಮತ್ತು ಆಲಿಕೆಯನ್ನು ಒಟ್ಟಿಗೆ ತೂಗಿ ಬರೆದಿಡಿ. ವ್ಯಕ್ತಿ ಬರೇ ನೀರಿನಿಂದ ಬಾಯಿ ಮುಕ್ಕಳಿಸಿ 5 ನಿಮಿಷ ಸುಮ್ಮನೆ ಕೂರಲಿ. ಬಾಯಲ್ಲಿದ್ದದ್ದನ್ನು ಒಮ್ಮೆ ನುಂಗಿಸಿ ಗಡಿಯಾರ ಒತ್ತಿ. ತಲೆ ತುಸು ಮುಂದೆ ಬಾಗಿಸಿ, ತುಟಿ ತೆರೆದು, ಜೊಲ್ಲು ತಾನಾಗಿ ಆಲಿಕೆಗೆ ಇಳಿಯಲು ಬಿಡಬೇಕು. ಮಾತು, ನುಂಗುವುದು, ನಾಲಿಗೆ ಆಡಿಸುವುದು ಬೇಡ. ಕ್ಯಾಕರಿಸಿ ಉಗುಳಿದರೆ ಅಲ್ಲಿಗೆ ಕೆಟ್ಟಿತು: ಬಾಯಿಯ ಚಲನೆಯೇ ಗ್ರಂಥಿಯನ್ನು ಕೆಣಕುತ್ತದೆ, ಕಫವೂ ಬೆರೆಯುತ್ತದೆ. 5 ನಿಮಿಷಕ್ಕೆ ಉಳಿದದ್ದನ್ನು ಮೆಲ್ಲಗೆ ಬಿಡಿಸಿ ಮತ್ತೆ ತೂಗಿ. ಕೊಳವೆಯ ಗೆರೆ ನೋಡಿ ಪ್ರಮಾಣ ಬರೆಯಬೇಡಿ. ನೊರೆ ಮೋಸ ಮಾಡುತ್ತದೆ. 1 ಗ್ರಾಂ ಎಂದರೆ ಹೆಚ್ಚೂಕಡಿಮೆ 1 ಮಿ.ಲೀ. ಮೊದಲಿಗೆ 13.20, ಆಮೇಲೆ 15.00 ಗ್ರಾಂ ಬಂತೆನ್ನಿ: 1.80 ಭಾಗಿಸು 5, ನಿಮಿಷಕ್ಕೆ 0.36 ಮಿ.ಲೀ. ಇದು ಸಹಜ. 0.1 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಂಭೀರ. ಶೋಗ್ರೆನ್ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಲಾಲಾ ಮತ್ತು ಕಣ್ಣೀರ ಗ್ರಂಥಿಗಳನ್ನು ಕೆಡಿಸುವ ಕಾಯಿಲೆ; ಅದನ್ನು ಗುರುತಿಸುವ 2016ರ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಇದಕ್ಕೆ ಒಂದು ಅಂಕವಿದೆ. ಗಡಿಯ ಹತ್ತಿರ ಬಂದವರಿಗೆ ಬೇರೆ ದಿನ 15 ನಿಮಿಷದ ಸಂಗ್ರಹ ಮಾಡಿ, ಐದೇ ನಿಮಿಷದಲ್ಲಿ ಒಂದೆರಡು ಹನಿಯ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ರಾಸಾಯನಿಕ ಪರೀಕ್ಷೆ ಇದ್ದರೆ ಕೊಳವೆ ಮಂಜುಗಡ್ಡೆಯಲ್ಲಿರಲಿ, ವಸಡಿನ ರಕ್ತದಿಂದ ಕೆಂಪಾದ ಮಾದರಿ ಬಿಡಿ.

ಅಳೆದಾದ ಮೇಲೆ ಗ್ರಂಥಿ ನೋಡಿ. ನಾಲಿಗೆ ಎತ್ತಿಸಿ ಅಡಿಯ ನಾಳದ ಬಾಯನ್ನು ಹತ್ತಿಯಿಂದ ಒರೆಸಿ, ದವಡೆಯ ಕೆಳಗೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಒತ್ತಿ. ತಿಳಿ ಹನಿ ಚಿಮ್ಮಬೇಕು. ಕೀವು ಬಂದರೆ ಸೋಂಕು. ಏನೂ ಬಾರದೆ, ಊಟಕ್ಕೆ ಕೂತಾಗಲೆಲ್ಲ ಬಾವು ಏಳುತ್ತಿದ್ದರೆ ಕಲ್ಲಿನ ಶಂಕೆ. ಕಲ್ಲುಗಳಲ್ಲಿ ಸುಮಾರು 80% ಈ ದವಡೆಯಡಿ ಗ್ರಂಥಿಯವೇ, ಏಕೆಂದರೆ ಅದರ ಸ್ರಾವ ದಪ್ಪ, ನಾಳ ಉದ್ದ, ಅದೂ ಮೇಲ್ಮುಖ. ಕೆನ್ನೆಯ ಗ್ರಂಥಿಯ ನಾಳ ಮೇಲಿನ ಎರಡನೇ ದವಡೆಹಲ್ಲಿನ ಎದುರು ತೆರೆಯುತ್ತದೆ. ಜ್ವರದೊಡನೆ ಅಲ್ಲಿ ಬಾವು ಬಂದ ಮಗುವಿಗೆ ಮಂಗನಬಾವು ಇರಬಹುದು. ಬಾವು ಶುರುವಾಗಿ 5 ದಿನದವರೆಗೆ ಶಾಲೆ ಬೇಡ, ಶಿಬಿರವೂ ಬೇಡ.

ದನಗಳಲ್ಲಿ ಈ ವಿಧಾನ ನಡೆಯುವುದಿಲ್ಲ. ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಲಾಲಾರಸ ಸುರಿಸಿ ನುಂಗುತ್ತದೆ, ಮೆಲುಕಿನ ಹುಳಿಯನ್ನು ಅದರಲ್ಲಿನ ಬೈಕಾರ್ಬೊನೇಟ್ ತಣಿಸುತ್ತದೆ. ಬಾಯಿಂದ ಜೊಲ್ಲು ಇಳಿಯುತ್ತಿದೆ ಎಂದರೆ ಹಲವು ಸಲ ಸ್ರವಿಕೆ ಹೆಚ್ಚಿಲ್ಲ, ನುಂಗಲು ಆಗುತ್ತಿಲ್ಲ. ನಾಲಿಗೆ-ವಸಡಿನ ಗುಳ್ಳೆ ಮತ್ತು ಗೊರಸಿನ ಹುಣ್ಣು ಒಟ್ಟಿಗಿದ್ದರೆ ಕಾಲುಬಾಯಿ ಜ್ವರ. ಹೊಟ್ಟೆ ಉಬ್ಬಿ, ಕತ್ತು ಚಾಚಿ ಒದ್ದಾಡುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ. ಆದರೆ ಸಿಕ್ಕಿದ್ದನ್ನು ತೆಗೆಯಲು ಬರಿಗೈ ಹಾಕಬೇಡಿ. ಧ್ವನಿ ಬದಲಾಗಿದ್ದರೆ, ನಡೆ ತೂರಾಡುತ್ತಿದ್ದರೆ, ನಾಯಿ ಕಚ್ಚಿದ ಸುಳಿವಿದ್ದರೆ ರೇಬಿಸ್ ಎಂದೇ ಹಿಡಿದು ನಡೆಯಿರಿ, ಅದರ ವೈರಾಣು ಇರುವುದು ಆ ಜೊಲ್ಲಿನಲ್ಲೇ. ಜೊಲ್ಲು ಗಾಯಕ್ಕೆ ತಾಗಿದರೆ 15 ನಿಮಿಷ ಸಾಬೂನು-ನೀರಿನಲ್ಲಿ ತೊಳೆದು ಅಂದೇ ಲಸಿಕೆಗೆ ಹೋಗಿ.

ಸಾಮಾನ್ಯ ಹಸುವಿನ ಮಾದರಿಗೆ ಉದ್ದ ಇಕ್ಕಳದಲ್ಲಿ ಸ್ಪಂಜು ಹಿಡಿದು, ಕೆನ್ನೆ ಮತ್ತು ಹಲ್ಲಿನ ನಡುವೆ ಇಟ್ಟು ನೆನೆಸಿ ಹಿಂಡಿ. ಮೇವು ತಿಂದ ಕೂಡಲೇ ತೆಗೆದರೆ ಹಸಿರು ಕಸವೇ ಬರುತ್ತದೆ. ಕಾಲುಬಾಯಿ ಶಂಕೆಯ ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು, ಇಕ್ಕಳ, ಹಗ್ಗಗಳನ್ನು ಮೊದಲು ಕೆಸರು ಹೋಗುವಂತೆ ತೊಳೆದು, 4% ವಾಷಿಂಗ್ ಸೋಡಾ ದ್ರಾವಣದಲ್ಲಿ, ಅಂದರೆ 10 ಲೀಟರ್ ನೀರಿಗೆ 400 ಗ್ರಾಂ, ಮುಳುಗಿಸಿ.